ಟೆಂಪೋದ ಡೀಸೆಲ್ ಸೋರಿಕೆ: ಕಂಡುಹಿಡಿಯುವುದು ಹೇಗೆ, ಸರಿಪಡಿಸುವುದು ಹೇಗೆ?



ನಮ್ಮ ಉದ್ಯಮದಲ್ಲಿ ಅಡಿಗೆ ಭಟ್ಟರು ಎಷ್ಟು ಮುಖ್ಯವೋ ಟೆಂಪೋ ಕೂಡ ಅಷ್ಟೇ ಮುಖ್ಯ. ಅನ್ನ ಸಾಂಬಾರು ಎಷ್ಟೇ ರುಚಿಯಾಗಿರಲಿ, ಮುಹೂರ್ತ ಮುಗಿಯುವ ಹೊತ್ತಿಗೆ ಹಾಲ್‌ಗೆ ತಲುಪದಿದ್ದರೆ ಅದಕ್ಕೆ ಬೆಲೆಯಿಲ್ಲ. ಬಾಯ್ಲರ್, ಗ್ರೈಂಡರ್, ಬಟಾಟೆಯ ರೇಟು ಎಲ್ಲದರ ಬಗ್ಗೆ ನಾವು ಸಭೆಗಳಲ್ಲಿ ಮಾತನಾಡುತ್ತೇವೆ. ಆದರೆ ಹಿಂದಿನ ಗಲ್ಲಿಯಲ್ಲಿ ನಿಂತಿರುವ ಹಳೆಯ ಡೀಸೆಲ್ ಗಾಡಿಯ ಬಗ್ಗೆ ಯಾರೂ ಮಾತನಾಡುವುದಿಲ್ಲ. ಅದು ನಿಂತ ದಿನವೇ ಅದರ ನೆನಪು.

ಪುಣೆಯಲ್ಲಿ ನಾವು ಹೋಟೆಲಿನ ಜೊತೆಗೆ ಕೇಟರಿಂಗ್ ನಡೆಸುತ್ತಾ ಬಂದಿದ್ದೇವೆ. ನಮ್ಮಲ್ಲಿರುವುದು 2007ರಲ್ಲಿ ಕೊಂಡ ಒಂದು 407. ಟಾಟಾದವರು ಈ ಗಾಡಿಯನ್ನು 1986ರಲ್ಲಿ ಮಾರುಕಟ್ಟೆಗೆ ತಂದರು. ಅಂದಿನಿಂದ ನಮ್ಮ ಎಷ್ಟೋ ಬಂಧುಗಳ ಪಾತ್ರೆ ಪಡಗ ಹೊತ್ತ ಗಾಡಿ ಇದೇ. ನಾವು ಓದಿದ್ದು ಹತ್ತನೇ ತರಗತಿ. ಮೆಕ್ಯಾನಿಕ್ ವಿದ್ಯೆ ಕಲಿತವರಲ್ಲ. ಆದರೂ ಗಾಡಿಯ ಪಕ್ಕ ನಿಂತು, ಮೇಸ್ತ್ರಿಗಳನ್ನು ಕೇಳಿ ತಿಳಿದುಕೊಂಡ ವಿಷಯಗಳು ನಾಲ್ಕು ಜನರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇವೆ.

ಸೋರುವುದು ಡೀಸೆಲ್ ಮಾತ್ರವಲ್ಲ

ಗಾಡಿಯ ಕೆಳಗೆ ನಾಲ್ಕು ಹನಿ ಬಿದ್ದರೆ ಡ್ರೈವರ್ "ಹಳೆಯ ಗಾಡಿ ಅಲ್ವಾ ಸೇಟ್, ಇಷ್ಟು ಇರ್ತದೆ" ಎನ್ನುತ್ತಾನೆ. ಹಾಗೆ ಬಿಡುವ ಮೊದಲು ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಸೋರುವ ಜಾಗದ ಕೆಳಗೆ ಒಂದು ಲೋಟ ಇಟ್ಟು ಎಂಜಿನ್ ಹತ್ತು ನಿಮಿಷ ಓಡಿಸಿ. 30 ಮಿಲಿ ಬಿದ್ದರೆ ಗಂಟೆಗೆ 180 ಮಿಲಿ ಆಯಿತು. ದಿನಕ್ಕೆ ಎಂಟು ಗಂಟೆ ಓಡಿದರೆ ಹತ್ತಿರ ಹತ್ತಿರ ಒಂದೂವರೆ ಲೀಟರು. ತಿಂಗಳಿಗೆ 25 ದಿನ ಹಿಡಿದರೆ 36 ಲೀಟರು. ಲೀಟರಿಗೆ 90 ರೂಪಾಯಿ ಎಂದು ಹಿಡಿದರೂ ತಿಂಗಳಿಗೆ 3,240 ರೂಪಾಯಿ ರಸ್ತೆಗೆ ಚೆಲ್ಲಿದ ಹಾಗೆ.

ಹಣ ಹೋದರೆ ಹೋಗಲಿ ಎನ್ನುವುದಕ್ಕೂ ಇಲ್ಲ. ನಮ್ಮ ಗಾಡಿಯಲ್ಲಿ ಇರುವುದು ಇಟ್ಟಿಗೆ ಸಿಮೆಂಟ್ ಅಲ್ಲ, ಆಹಾರ. ಡೀಸೆಲ್ ವಾಸನೆ ಅಕ್ಕಿ ಚೀಲಕ್ಕೆ, ಬಾಳೆ ಎಲೆಗೆ, ಹಾಲಿಗೆ, ತೆಂಗಿನಕಾಯಿ ತುರಿಗೆ ಬೇಗ ಹಿಡಿಯುತ್ತದೆ. ಪಾಯಸದಲ್ಲಿ ಒಮ್ಮೆ ಆ ವಾಸನೆ ಬಂದರೆ ಎಷ್ಟು ಏಲಕ್ಕಿ ಹಾಕಿದರೂ ಹೋಗುವುದಿಲ್ಲ. ಅದೇ ಗಾಡಿಯಲ್ಲಿ 19 ಕಿಲೋದ ಗ್ಯಾಸ್ ಸಿಲಿಂಡರುಗಳೂ ಇರುತ್ತವೆ, ಬಡಿಸುವ ಹುಡುಗರೂ ಕೂತಿರುತ್ತಾರೆ. ಡೀಸೆಲ್ ಪೆಟ್ರೋಲಿನಷ್ಟು ಬೇಗ ಹೊತ್ತಿಕೊಳ್ಳುವುದಿಲ್ಲ ಎಂಬುದು ನಿಜ. ಆದರೆ ನಮ್ಮ ದೇಶದ ಡೀಸೆಲ್‌ಗೆ ಗೊತ್ತು ಮಾಡಿರುವ ಕನಿಷ್ಠ ಮಟ್ಟ 35 ಡಿಗ್ರಿ ಸೆಲ್ಸಿಯಸ್. ಅಂದರೆ ಅಷ್ಟು ಬಿಸಿಯಾದರೆ ಅದರ ಆವಿಗೆ ಕಿಡಿ ತಗುಲಿ ಹೊತ್ತಿಕೊಳ್ಳಬಹುದು. ಪುಣೆಯ ಏಪ್ರಿಲ್ ಬಿಸಿಲಿಗೇ ಅಷ್ಟು ಬಿಸಿ ಇರುತ್ತದೆ, ಓಡುವ ಎಂಜಿನ್ನಿನ ಸೈಲೆನ್ಸರ್ ಪೈಪಿನ ಮಾತು ಹೇಳುವುದೇ ಬೇಡ. ಇನ್ನು ರಸ್ತೆಯ ತಿರುವಿನಲ್ಲಿ ಬಿದ್ದ ಡೀಸೆಲ್ ಮೇಲೆ ಹಿಂದೆ ಬರುವ ಸ್ಕೂಟರಿನವನು ಜಾರಿ ಬಿದ್ದರೆ ಅದರ ಪಾಪ ಯಾರಿಗೆ?

ಡೀಸೆಲ್ ಹೋಗುವ ದಾರಿ

ಸೋರಿಕೆ ಹುಡುಕಬೇಕಾದರೆ ಮೊದಲು ದಾರಿ ಗೊತ್ತಿರಬೇಕು. ನಮ್ಮ ಅಡಿಗೆಮನೆಯ ನೀರಿನ ಪೈಪಿನಂತೆಯೇ ಇದು. ಚಾಸಿಸ್ ಪಕ್ಕದಲ್ಲಿ ಟ್ಯಾಂಕ್. ಅಲ್ಲಿಂದ ಉಕ್ಕಿನ ಪೈಪಿನಲ್ಲಿ ಡೀಸೆಲನ್ನು ಎಳೆಯುವುದು ಫೀಡ್ ಪಂಪ್. ಅದರ ಮೇಲೆ ಕೈಯಿಂದ ಒತ್ತುವ ಒಂದು ಸಣ್ಣ ಪಂಪ್ ಇರುತ್ತದೆ. ಅಲ್ಲಿಂದ ಫಿಲ್ಟರ್, ಫಿಲ್ಟರಿನಿಂದ ದೊಡ್ಡ ಪಂಪ್. ಗ್ಯಾರೇಜಿನವರು ಎಫ್.ಐ.ಪಿ. ಎನ್ನುವುದು ಇದನ್ನೇ. ದೊಡ್ಡ ಪಂಪಿನಿಂದ ನಾಲ್ಕು ಗಟ್ಟಿ ಪೈಪುಗಳು ನಾಲ್ಕು ನೋಝಲ್‌ಗಳಿಗೆ ಹೋಗುತ್ತವೆ. ಉಳಿದ ಡೀಸೆಲ್ ಸಣ್ಣ ರಿಟರ್ನ್ ಪೈಪಿನಲ್ಲಿ ವಾಪಸು ಬರುತ್ತದೆ.

ಈ ದಾರಿಯಲ್ಲಿ ಮೂರು ಭಾಗ ನೆನಪಿಡಿ. ಟ್ಯಾಂಕಿನಿಂದ ಫೀಡ್ ಪಂಪ್ ತನಕ ಎಳೆಯುವ ಭಾಗ. ಫೀಡ್ ಪಂಪಿನಿಂದ ದೊಡ್ಡ ಪಂಪ್ ತನಕ ತಳ್ಳುವ ಭಾಗ. ದೊಡ್ಡ ಪಂಪಿನಿಂದ ನೋಝಲ್ ತನಕ ಭಾರೀ ಒತ್ತಡದ ಭಾಗ. ಒಂದೊಂದು ಭಾಗದಲ್ಲಿ ಸೋರಿಕೆಯ ಲಕ್ಷಣ ಬೇರೆ ಬೇರೆ.

ಸೋರಿಕೆ ಮೂರು ಬಗೆ

ಮೊದಲನೆಯದು ಕಣ್ಣಿಗೆ ಕಾಣುವ ಸೋರಿಕೆ. ತಳ್ಳುವ ಭಾಗದಲ್ಲಿ, ಒತ್ತಡದ ಭಾಗದಲ್ಲಿ, ರಿಟರ್ನ್ ಪೈಪಿನಲ್ಲಿ ಆಗುವಂಥದ್ದು. ಎಂಜಿನ್ ಓಡುವಾಗ ಹನಿ ಬೀಳುತ್ತದೆ, ವಾಸನೆ ಬರುತ್ತದೆ, ಮೈಲೇಜ್ ಇಳಿಯುತ್ತದೆ.

ಎರಡನೆಯದು ಹನಿಯೇ ಬೀಳದ ಸೋರಿಕೆ. ಎಳೆಯುವ ಭಾಗದಲ್ಲಿ ತೂತು ಬಿದ್ದರೆ ಡೀಸೆಲ್ ಹೊರಗೆ ಬರುವುದಕ್ಕಿಂತ ಹೆಚ್ಚಾಗಿ ಗಾಳಿ ಒಳಗೆ ಹೋಗುತ್ತದೆ. ಗಾಡಿ "ಏರ್ ಹಿಡಿದಿದೆ" ಎನ್ನುವುದು ಇದಕ್ಕೇ. ರಾತ್ರಿ ನಿಲ್ಲಿಸಿದ ಗಾಡಿಯ ಪೈಪಿನಲ್ಲಿರುವ ಡೀಸೆಲ್ ಟ್ಯಾಂಕಿಗೆ ಇಳಿದುಹೋಗುತ್ತದೆ. ಬೆಳಿಗ್ಗೆ ಎಷ್ಟು ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗುವುದಿಲ್ಲ. ಆದ ಮೇಲೂ ಘಾಟಿನಲ್ಲಿ ಕೆಮ್ಮಿ ನಿಲ್ಲುತ್ತದೆ. ಟ್ಯಾಂಕಿನಲ್ಲಿ ಡೀಸೆಲ್ ಕಡಿಮೆಯಾದಂತೆ ತೊಂದರೆ ಹೆಚ್ಚು.

ಮೂರನೆಯದು ಗುಪ್ತ ಸೋರಿಕೆ. ಫೀಡ್ ಪಂಪಿನ ಅಥವಾ ದೊಡ್ಡ ಪಂಪಿನ ಒಳಗಿನ ಸೀಲ್ ಸವೆದು ಡೀಸೆಲ್ ಆಯಿಲ್‌ಗೆ ಸೇರುವುದು. ಹೊರಗೆ ಒಂದು ಹನಿಯೂ ಇಲ್ಲ. ಆದರೆ ಡಿಪ್‌ಸ್ಟಿಕ್ ತೆಗೆದು ನೋಡಿದರೆ ಆಯಿಲ್ ಮಟ್ಟ ಏರಿರುತ್ತದೆ, ತೆಳ್ಳಗಾಗಿರುತ್ತದೆ, ಮೂಸಿದರೆ ಡೀಸೆಲ್ ವಾಸನೆ. ಆಯಿಲ್ ಕಡಿಮೆಯಾದರೆ ಚಿಂತೆ ಮಾಡುವವರು ಹೆಚ್ಚಾದರೆ ಸುಮ್ಮನಿರುತ್ತಾರೆ. ಹಾಗಿರಬಾರದು. ತೆಳುವಾದ ಆಯಿಲ್‌ನಲ್ಲಿ ಓಡಿದರೆ ಬೇರಿಂಗುಗಳು ಹಾಳಾಗಿ ಎಂಜಿನ್ ಇಳಿಸುವ ಖರ್ಚು ಬರುತ್ತದೆ. ಇಂಥ ಗಾಡಿಯನ್ನು ಆರ್ಡರಿಗೆ ಕಳಿಸದೆ ನೇರ ಪಂಪ್ ರಿಪೇರಿಯವರ ಬಳಿ ಒಯ್ಯಬೇಕು.

ಹುಡುಕುವ ಕ್ರಮ

ಹನಿ ಬಿದ್ದ ಜಾಗವೇ ಸೋರಿದ ಜಾಗ ಎಂದುಕೊಳ್ಳಬೇಡಿ. ಮೇಲೆ ಸೋರಿದ ಡೀಸೆಲ್ ಎಂಜಿನ್ನಿನ ಮೈಮೇಲೆ ಹರಿದು, ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೆ ಹೋಗಿ ಗೇರ್ ಬಾಕ್ಸ್ ಹತ್ತಿರ ತೊಟ್ಟಿಕ್ಕುತ್ತದೆ. ಆದ್ದರಿಂದ ಹುಡುಕುವಾಗ ಕೆಳಗಿನಿಂದ ಮೇಲಕ್ಕೆ ನೋಡುತ್ತಾ ಹೋಗಿ, ಒದ್ದೆಯಾದ ಅತಿ ಎತ್ತರದ ಜಾಗವನ್ನು ಗುರುತಿಸಬೇಕು.

ತಣ್ಣಗಾದ ಎಂಜಿನ್ನನ್ನು ಮೊದಲು ಸೋಪಿನ ನೀರಿನಿಂದ ತೊಳೆದು ಒಣ ಬಟ್ಟೆಯಿಂದ ಒರೆಸಿ. ಸೆಲ್ಫ್ ಮೋಟಾರ್, ಡೈನಮೋಗಳಿಗೆ ನೀರು ಬೀಳದ ಹಾಗೆ ಪ್ಲಾಸ್ಟಿಕ್ ಕಟ್ಟಿ. ವರ್ಷಗಟ್ಟಲೆಯ ಎಣ್ಣೆ ಜಿಡ್ಡಿನ ಮೇಲೆ ಹೊಸ ಸೋರಿಕೆ ಕಾಣುವುದಿಲ್ಲ. ಒಣಗಿದ ಮೇಲೆ ಪೈಪಿನ ಸಂದುಗಳಿಗೆ, ಬೋಲ್ಟುಗಳಿಗೆ ಮುಖಕ್ಕೆ ಹಚ್ಚುವ ಪೌಡರ್ ಅಥವಾ ಚಾಕ್ ಪುಡಿ ಉದುರಿಸಿ. ಎಂಜಿನ್ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಡಿ. ಎಲ್ಲಿ ಪುಡಿ ಮೊದಲು ಒದ್ದೆಯಾಗಿ ಕಪ್ಪಾಗುತ್ತದೋ ಅಲ್ಲೇ ಕಳ್ಳ ಇದ್ದಾನೆ. ಕೆಳಗೆ ಒಂದು ರಟ್ಟು ಹಾಸಿದರೆ ಎಷ್ಟು ಬಿತ್ತು, ಎಲ್ಲಿ ಬಿತ್ತು ಎಂಬ ಗುರುತು ಸಿಗುತ್ತದೆ. ಫ್ಯಾನ್ ಮತ್ತು ಬೆಲ್ಟ್ ಹತ್ತಿರ ಕೈ, ಬಟ್ಟೆ ಒಯ್ಯಬಾರದು.

ಏರ್ ಹಿಡಿಯುವ ತೊಂದರೆಗೆ ಬೇರೆ ಪರೀಕ್ಷೆ. ಫೀಡ್ ಪಂಪಿಗೆ ಬರುವ ಪೈಪನ್ನು ಬಿಚ್ಚಿ, ಅಲ್ಲಿಗೆ ಒಂದು ಒಳ್ಳೆಯ ಹೋಸ್ ಕೂಡಿಸಿ, ಅದರ ಇನ್ನೊಂದು ತುದಿಯನ್ನು ಶುದ್ಧ ಡೀಸೆಲ್ ಇರುವ ಕ್ಯಾನಿನಲ್ಲಿ ಮುಳುಗಿಸಿ. ಏರ್ ತೆಗೆದು ಎಂಜಿನ್ ಓಡಿಸಿ. ಕ್ಯಾನಿನಿಂದ ಚೆನ್ನಾಗಿ ಓಡಿ, ಟ್ಯಾಂಕಿನಿಂದ ನಿಲ್ಲುವುದಾದರೆ ತಪ್ಪು ಟ್ಯಾಂಕ್ ಮತ್ತು ಫೀಡ್ ಪಂಪಿನ ನಡುವೆ ಇದೆ. ಕ್ಯಾನಿನಲ್ಲೂ ನಿಂತರೆ ತಪ್ಪು ಮುಂದಕ್ಕಿದೆ. ಹೊಸ ಖರ್ಚಿಲ್ಲದೆ ಅರ್ಧ ಗಾಡಿಯನ್ನು ಲೆಕ್ಕದಿಂದ ತೆಗೆದುಹಾಕುವ ಪರೀಕ್ಷೆ ಇದು. ಪರೀಕ್ಷೆಗೆ ಮಾತ್ರ ಪಾರದರ್ಶಕ ಪ್ಲಾಸ್ಟಿಕ್ ಪೈಪ್ ಹಾಕಿದರೆ ಗುಳ್ಳೆ ಬರುವುದನ್ನು ಕಣ್ಣಾರೆ ನೋಡಬಹುದು.

ಕೈ ಇಡಬಾರದ ಜಾಗ

ಇದೊಂದು ಮಾತನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಪಂಪಿನಿಂದ ನೋಝಲ್‌ಗೆ ಹೋಗುವ ಗಟ್ಟಿ ಪೈಪಿನ ಸೋರಿಕೆಯನ್ನು, ಎಂಜಿನ್ ಓಡುತ್ತಿರುವಾಗ ಬೆರಳಿಟ್ಟು ನೋಡಬಾರದು. ಹಳೆಯ ಎಂಜಿನ್ನುಗಳಲ್ಲಿಯೂ ಅಲ್ಲಿನ ಒತ್ತಡ 200 ಬಾರ್ ಆಸುಪಾಸು ಇರುತ್ತದೆ. ಕಾರಿನ ಟೈರಿನ ಗಾಳಿಯ ನೂರು ಪಟ್ಟು. ಕೂದಲೆಳೆಯಷ್ಟು ಬಿರುಕಿನಿಂದ ಹಾರುವ ಡೀಸೆಲ್ ಸೂಜಿಮದ್ದಿನ ಹಾಗೆ ಚರ್ಮದೊಳಗೆ ಹೋಗುತ್ತದೆ. ಹೊರಗೆ ಒಂದು ಚುಕ್ಕೆ ಮಾತ್ರ ಕಾಣುತ್ತದೆ, ಆಗ ನೋವೂ ಹೆಚ್ಚಿರುವುದಿಲ್ಲ. ಆದರೆ ಒಳಗೆ ಮಾಂಸ ಕೊಳೆತು ಬೆರಳನ್ನೇ ಕಳೆದುಕೊಳ್ಳಬೇಕಾಗಬಹುದು. ಯಾರಿಗಾದರೂ ಹೀಗಾದರೆ ಅರಿಶಿನ ಮೆತ್ತಿ ಕೂರಬೇಡಿ. ಕೂಡಲೇ ದೊಡ್ಡ ಆಸ್ಪತ್ರೆಗೆ ಕರೆದೊಯ್ದು, ಡೀಸೆಲ್ ಒತ್ತಡದಿಂದ ಒಳಹೊಕ್ಕಿದೆ ಎಂದು ಡಾಕ್ಟರರಿಗೆ ಸ್ಪಷ್ಟವಾಗಿ ಹೇಳಿ. ಆ ಜಾಗ ನೋಡಲು ಉದ್ದನೆಯ ರಟ್ಟಿನ ತುಂಡನ್ನು ಹಿಡಿಯಿರಿ, ರಟ್ಟು ಒದ್ದೆಯಾದರೆ ಸಾಕು.

ಹೊಸ ಕಾಮನ್ ರೈಲ್ ಗಾಡಿಗಳಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ. ಅವುಗಳ ಪೈಪ್ ಸಡಿಲಿಸುವ ಗೋಜಿಗೆ ಹೋಗಲೇಬೇಡಿ. ಈ ಲೇಖನ ಹಳೆಯ ಗಾಡಿಗಳಿಗೆ ಮಾತ್ರ.

ನಮ್ಮ 407ರ ಕಥೆ

ಒಂದು ಲಗ್ನದ ಸೀಸನ್ನಿನ ನಡುವೆ ನಮ್ಮ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆಗಲು ತಕರಾರು ಶುರು ಮಾಡಿತು. ಜೊತೆಗೆ ಲೀಟರಿಗೆ ಎಂಟು ಕಿಲೋಮೀಟರು ಕೊಡುತ್ತಿದ್ದದ್ದು ಆರಕ್ಕೆ ಇಳಿಯಿತು, ಕ್ಯಾಬಿನ್ನಿನಲ್ಲಿ ವಾಸನೆ. ಒಂದು ಗ್ಯಾರೇಜಿನವರು ನೋಡಿದ ಕೂಡಲೇ "ಪಂಪ್ ಇಳಿಸಬೇಕು, ನೋಝಲ್ ಎಲ್ಲ ಬದಲಿಸಬೇಕು" ಎಂದರು. ಹೇಳಿದ ಮೊತ್ತ ನಮ್ಮ ಎರಡು ಸಣ್ಣ ಆರ್ಡರುಗಳ ಲಾಭಕ್ಕೆ ಸಮ. ಅದಕ್ಕಿಂತ ದೊಡ್ಡ ಚಿಂತೆ ಎಂದರೆ ಗಾಡಿ ನಾಲ್ಕು ದಿನ ನಿಲ್ಲಬೇಕು, ಮೂರನೆಯ ದಿನ ನಮಗೆ 800 ಎಲೆಯ ಮದುವೆ ಊಟ.

ನಾವು ಒಪ್ಪದೆ, ಹುಬ್ಬಳ್ಳಿ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಒಬ್ಬ ವಯಸ್ಸಾದ ಮೇಸ್ತ್ರಿಯವರನ್ನು ಕರೆಸಿದೆವು. "ರೀ ಅಣ್ಣಾರ, ಮದಲ ಗಾಡಿ ತೊಳಸ್ರಿ, ಆಮ್ಯಾಲ ಮಾತಾಡೂಣು" ಎಂದರು ಅವರು. ತೊಳೆದು ಪೌಡರ್ ಹಾಕಿದ ಮೇಲೆ ಎರಡನೇ ನೋಝಲ್‌ನ ರಿಟರ್ನ್ ಹೋಸ್ ಬಿರಿದಿರುವುದು, ಫಿಲ್ಟರಿನ ಬೆಂಜೋ ಬೋಲ್ಟಿನ ಕೆಳಗೆ ತಾಮ್ರದ ವಾಷರ್ ಒದ್ದೆಯಾಗುವುದು ಕಾಣಿಸಿತು. ವಾಸನೆಗೂ ಮೈಲೇಜಿಗೂ ಕಾರಣ ಸಿಕ್ಕಿತು. ಆದರೆ ಅದರಿಂದ ಬೆಳಗಿನ ತಕರಾರು ಬರುವುದಿಲ್ಲ ಎಂದು ಅವರೇ ಹೇಳಿದರು. ಕ್ಯಾನ್ ಪರೀಕ್ಷೆ ಮಾಡಿದರು. ಒಂದು ಗಂಟೆ ಗಾಡಿ ಗಡಿಯಾರದ ಹಾಗೆ ಓಡಿತು. ಹಾಗಾದರೆ ದೊಡ್ಡ ಪಂಪ್ ನಿರ್ದೋಷಿ.

ಆಮೇಲೆ ಟ್ಯಾಂಕಿನಿಂದ ಬರುವ ಉಕ್ಕಿನ ಪೈಪನ್ನು ಅಂಗುಲ ಅಂಗುಲ ಒರೆಸುತ್ತಾ ಬಂದರು. ಚಾಸಿಸ್‌ಗೆ ಹಿಡಿಸಿದ ಕ್ಲಿಪ್ ಒಂದು ಕಳಚಿ, ಪೈಪ್ ಉಜ್ಜಿ ಉಜ್ಜಿ ಸವೆದು, ಸೂಜಿ ಮೊನೆಯಷ್ಟು ತೂತಾಗಿತ್ತು. ಸರಿಯಾಗಿ ಅದರ ಮೇಲೆ ಬಾಡಿಯ ಹಲಗೆಯ ಸಂದು. ಸಾಂಬಾರಿನ ಹಂಡೆಯಿಂದ ತುಳುಕಿದ್ದು, ಉಪ್ಪಿನಕಾಯಿಯ ರಸ, ಪಾತ್ರೆ ತೊಳೆದ ನೀರು ಎಲ್ಲವೂ ಅಲ್ಲೇ ಇಳಿದು ತುಕ್ಕು ಹಿಡಿಸಿತ್ತು. ಸಿಮೆಂಟ್ ಹೊರುವ ಗಾಡಿಗೆ ಈ ರೋಗ ಇಲ್ಲ, ಇದು ನಮ್ಮ ಕೇಟರಿಂಗ್ ಗಾಡಿಗಳದ್ದೇ ರೋಗ. ಪೈಪ್, ಹೋಸ್, ವಾಷರ್, ಕ್ಲಿಪ್, ಮಜೂರಿ ಎಲ್ಲ ಸೇರಿ ಆದ ಖರ್ಚು ಗ್ಯಾರೇಜಿನವರು ಹೇಳಿದ್ದರ ಹತ್ತನೇ ಒಂದು ಭಾಗವೂ ಅಲ್ಲ. ಮೂರನೆಯ ದಿನ ಬೆಳಿಗ್ಗೆ ನಾಲ್ಕಕ್ಕೆ ಗಾಡಿ ಒಂದೇ ಸೆಲ್ಫಿಗೆ ಎದ್ದಿತು, ಮದುವೆ ಊಟ ಹೊತ್ತಿಗೆ ಸರಿಯಾಗಿ ಮುಟ್ಟಿತು.

ಸರಿಪಡಿಸುವಾಗ ಗಮನಿಸಬೇಕಾದ್ದು

ತಾಮ್ರದ ವಾಷರ್: ಒಮ್ಮೆ ಬಿಗಿದ ವಾಷರ್ ಗಟ್ಟಿಯಾಗಿರುತ್ತದೆ, ಮತ್ತೆ ಕೂರುವುದಿಲ್ಲ. ಬಿಚ್ಚಿದಾಗಲೆಲ್ಲ ಹೊಸದು ಹಾಕಿ, ಬೆಲೆ ಕೆಲವೇ ರೂಪಾಯಿ. ಹೊಸದು ಸಿಗದ ಜಾಗದಲ್ಲಿ ಹಳೆಯದನ್ನು ಚೆನ್ನಾಗಿ ಒರೆಸಿ, ಗಾಡಿಯಿಂದ ದೂರ ಒಲೆಯ ಮೇಲೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮೆತ್ತಗಾಗುತ್ತದೆ. ಮೇಲಿನ ಕಪ್ಪನ್ನು ತಿಕ್ಕಿ ತೆಗೆದು ಒಮ್ಮೆ ಬಳಸಬಹುದು. ಸೋರುತ್ತದೆ ಎಂದು ಬೋಲ್ಟನ್ನು ಸಿಕ್ಕಾಪಟ್ಟೆ ಬಿಗಿದರೆ ಬೋಲ್ಟ್ ಮುರಿದು ಹೊಸ ಕೆಲಸ ಬೀಳುತ್ತದೆ.

ರಬ್ಬರ್ ಹೋಸ್: ಡೀಸೆಲ್‌ಗೆಂದೇ ಇರುವ ಹೋಸ್ ಕೇಳಿ ತೆಗೆದುಕೊಳ್ಳಿ. ನೀರಿನ ಪ್ಲಾಸ್ಟಿಕ್ ಪೈಪ್, ಒಲೆಯ ಗ್ಯಾಸ್ ಟ್ಯೂಬ್ ನಡೆಯುವುದಿಲ್ಲ, ಬೇಗ ಬಿರಿಯುತ್ತವೆ. ತಂತಿ ಸುತ್ತುವ ಬದಲು ಸ್ಕ್ರೂ ಕ್ಲಿಪ್ ಹಾಕಿ. ಒಂದು ಬಿರಿದರೆ ಉಳಿದವುಗಳ ವಯಸ್ಸೂ ಅಷ್ಟೇ, ಎಲ್ಲ ಒಟ್ಟಿಗೆ ಬದಲಿಸುವುದು ಲಾಭ. 2020ರ ಏಪ್ರಿಲ್ ಒಂದರಿಂದ ದೇಶದಲ್ಲೆಲ್ಲ ಬರುತ್ತಿರುವ ಡೀಸೆಲ್‌ನಲ್ಲಿ ಗಂಧಕ ಬಹಳ ಕಡಿಮೆ, ಹತ್ತು ಲಕ್ಷಕ್ಕೆ ಹತ್ತು ಭಾಗ. ಗಂಧಕ ತೆಗೆಯುವಾಗ ಡೀಸೆಲ್‌ನ ಬೇರೆ ಅಂಶಗಳೂ ಬದಲಾಗುತ್ತವೆ. ಹಳೆಯ ಡೀಸೆಲ್‌ಗೆ ಉಬ್ಬಿ ಕೂತಿದ್ದ ರಬ್ಬರ್ ಸೀಲುಗಳು ಹೊಸದಕ್ಕೆ ಕುಗ್ಗಿ ಸೋರುವುದುಂಟು. ಅಮೆರಿಕದಲ್ಲಿ 1993ರಲ್ಲಿ ಗಂಧಕ ಕಡಿಮೆ ಮಾಡಿದಾಗ ಹಳೆಯ ಗಾಡಿಗಳಲ್ಲಿ ಇದೇ ತೊಂದರೆ ಕಂಡಿತ್ತು.

ಉಕ್ಕಿನ ಪೈಪ್: ಎಳೆಯುವ ಭಾಗದ ಪೈಪ್ ತೂತಾದರೆ ಬದಲಿಸುವುದೇ ಸರಿ. ಎಂ-ಸೀಲ್ ಹಚ್ಚಿದ್ದು ಮನೆ ಮುಟ್ಟುವ ತನಕ ಮಾತ್ರ. ನೋಝಲ್‌ನ ಗಟ್ಟಿ ಪೈಪಿಗಂತೂ ಎಂ-ಸೀಲ್, ವೆಲ್ಡಿಂಗ್ ಯಾವುದೂ ಬೇಡ, ಹೊಸದೇ ಹಾಕಿ. ಪೈಪುಗಳನ್ನು ಹಿಡಿದಿಡುವ ಕ್ಲ್ಯಾಂಪ್ ಮರೆತು ಬಿಟ್ಟರೆ ಅದುರಿ ಅದುರಿ ಮತ್ತೆ ಒಡೆಯುತ್ತದೆ.

ಟೆಫ್ಲಾನ್ ಟೇಪ್: ನಲ್ಲಿಗೆ ಸುತ್ತುವ ಬಿಳಿ ಟೇಪನ್ನು ಇಲ್ಲಿ ಸುತ್ತಬೇಡಿ. ಇಲ್ಲಿ ಸೋರಿಕೆ ತಡೆಯುವುದು ವಾಷರ್ ಮತ್ತು ಪೈಪಿನ ತುದಿ, ಮರೆ ಅಲ್ಲ. ಟೇಪಿನ ಚೂರು ಪಂಪಿಗೆ, ನೋಝಲ್‌ಗೆ ಸಿಕ್ಕಿಕೊಂಡರೆ ಕಷ್ಟ.

ಟ್ಯಾಂಕ್: ಸಣ್ಣ ತೂತಿಗೆ ಬಟ್ಟೆ ಸೋಪನ್ನು ತಿಕ್ಕಿ ಊರು ಮುಟ್ಟುವುದು ಹಳೆಯ ಡ್ರೈವರುಗಳ ಉಪಾಯ. ಆದರೆ ಖಾಲಿ ಟ್ಯಾಂಕ್ ಎಂದು ಹಾಗೆಯೇ ವೆಲ್ಡಿಂಗಿಗೆ ಕೊಡಬೇಡಿ. ಖಾಲಿ ಟ್ಯಾಂಕಿನೊಳಗಿನ ಆವಿ ಸಿಡಿದು ಪ್ರಾಣ ಹೋಗುತ್ತದೆ. ಟ್ಯಾಂಕನ್ನು ಇಳಿಸಿ ಒಳಗೆಲ್ಲ ತೊಳೆದು ಆವಿ ಕಳೆದು ಕೆಲಸ ಮಾಡುವವರಿಗೇ ಕೊಡಬೇಕು.

ಏರ್ ತೆಗೆಯುವುದು

ಪೈಪ್ ಬಿಚ್ಚಿದ ಮೇಲೆ ಒಳಗೆ ಸೇರಿದ ಗಾಳಿಯನ್ನು ತೆಗೆಯಬೇಕು. ಫಿಲ್ಟರಿನ ಮೇಲಿನ ಸಣ್ಣ ಸ್ಕ್ರೂ ಸಡಿಲಿಸಿ, ಕೈ ಪಂಪ್ ಒತ್ತುತ್ತಾ ಹೋಗಿ. ಮೊದಲು ನೊರೆ ಬರುತ್ತದೆ. ಗುಳ್ಳೆ ನಿಂತು ಶುದ್ಧ ಡೀಸೆಲ್ ಬಂದಾಗ ಸ್ಕ್ರೂ ಬಿಗಿಯಿರಿ. ಆಮೇಲೆ ದೊಡ್ಡ ಪಂಪಿನ ಸ್ಕ್ರೂವಿನಲ್ಲೂ ಹಾಗೆಯೇ. ಅಷ್ಟಕ್ಕೂ ಸ್ಟಾರ್ಟ್ ಆಗದಿದ್ದರೆ ಮೇಸ್ತ್ರಿ ಒಂದೆರಡು ನೋಝಲ್ ನಟ್ಟನ್ನು ಅರ್ಧ ಸುತ್ತು ಸಡಿಲಿಸಿ ಸೆಲ್ಫ್ ಹೊಡೆಸಿ ಗಾಳಿ ಬಿಡುತ್ತಾರೆ. ಆಗ ಮುಖ, ಕೈ ದೂರ ಇರಲಿ. ಸೆಲ್ಫನ್ನು ಒಂದೇ ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯದೆ, ನಡುವೆ ಬಿಡುವು ಕೊಡಿ. ಕೆಳಗೆ ತಟ್ಟೆ ಇಟ್ಟಿರಿ. ನೆಲಕ್ಕೆ ಚೆಲ್ಲಿದ್ದನ್ನು ಮರಳು ಅಥವಾ ಮರದ ಹೊಟ್ಟು ಹಾಕಿ ಎತ್ತಿ, ಗಟಾರಕ್ಕೆ ತೊಳೆಯಬೇಡಿ.

ದೊಡ್ಡ ಪಂಪಿನ ಒಳಗಿನ ಕೆಲಸವನ್ನು ಮಾತ್ರ ರಸ್ತೆ ಬದಿಯಲ್ಲಿ ಮಾಡಿಸಬಾರದು. ಅದಕ್ಕೆ ಪರೀಕ್ಷಾ ಯಂತ್ರ ಬೇಕು. ನಮ್ಮ ಹಳೆಯ ಗಾಡಿಗಳ ಪಂಪಿನ ಮೇಲೆ 'ಮೈಕೊ' ಎಂಬ ಹೆಸರು ನೋಡಿರುತ್ತೀರಿ. 1951ರಲ್ಲಿ ಶುರುವಾಗಿ ನಮ್ಮ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಆ ಕಂಪನಿ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿತು. ಆ ಪಂಪಿನೊಳಗಿನ ಭಾಗಗಳು ಕೂದಲಿಗಿಂತ ಸೂಕ್ಷ್ಮವಾದ ಅಳತೆಯವು. ಬಲ್ಲವರೇ ಮುಟ್ಟಬೇಕು.

ಪ್ರತಿ ಆರ್ಡರಿನ ಮುಂಚಿನ ಸಂಜೆ

ನಮ್ಮಲ್ಲಿ ಈಗ ಒಂದು ಪದ್ಧತಿ ಇದೆ. ಆರ್ಡರಿನ ಮುಂಚಿನ ಸಂಜೆ ಡ್ರೈವರ್ ಗಾಡಿಯ ಕೆಳಗೆ ಹಳೆಯ ರಟ್ಟು ಹಾಸಿ, ಬೆಳಿಗ್ಗೆ ನೋಡುತ್ತಾನೆ. ಡಿಪ್‌ಸ್ಟಿಕ್ ಎಳೆದು ಮಟ್ಟ ನೋಡುತ್ತಾನೆ. ವಾರಕ್ಕೊಮ್ಮೆ ಎಷ್ಟು ಕಿಲೋಮೀಟರಿಗೆ ಎಷ್ಟು ಡೀಸೆಲ್ ಎಂದು ಪುಸ್ತಕದಲ್ಲಿ ಬರೆಯುತ್ತಾನೆ. ಬಾಡಿಯ ತಳಕ್ಕೆ ತಗಡು ಹಾಸಿ ಸಂದು ಮುಚ್ಚಿಸಿದ್ದೇವೆ, ಹಂಡೆಗಳಿಗೆ ಬಿಗಿ ಮುಚ್ಚಳ. ಡೀಸೆಲ್ ಮುಟ್ಟಿದವನು ಸೋಪಿನಲ್ಲಿ ಕೈ ತೊಳೆಯದೆ ಎಲೆ, ತರಕಾರಿ ಮುಟ್ಟುವಂತಿಲ್ಲ. ಕ್ಯಾಬಿನ್ನಿನಲ್ಲಿ ಪುಡಿಯ ಬೆಂಕಿ ಆರಿಸುವ ಸಿಲಿಂಡರ್ ಕಡ್ಡಾಯ. ಡೀಸೆಲ್ ಬೆಂಕಿಗೆ ನೀರು ಹಾಕಿದರೆ ಇನ್ನೂ ಹರಡುತ್ತದೆ ಎಂದು ಹುಡುಗರಿಗೆಲ್ಲ ಹೇಳಿಕೊಟ್ಟಿದ್ದೇವೆ.

ಎಂಟು ವರ್ಷ ದಾಟಿದ ಸಾರಿಗೆ ಗಾಡಿಗೆ ಪ್ರತಿ ವರ್ಷ ಫಿಟ್‌ನೆಸ್ ಮಾಡಿಸಬೇಕು. ಆ ದಿನಕ್ಕೆ ಮಾತ್ರ ಎಂಜಿನ್ ಒರೆಸಿ ತೋರಿಸುವುದರಿಂದ ಏನೂ ಸಾಧಿಸಿದಂತಾಗುವುದಿಲ್ಲ. ದೆಹಲಿ ಮತ್ತು ಸುತ್ತಮುತ್ತ ಹಳೆಯ ಡೀಸೆಲ್ ಗಾಡಿಗಳ ನಿಯಮವೇ ಬೇರೆ. ಅಲ್ಲಿನ ಬಂಧುಗಳು ಅದನ್ನು ವಿಚಾರಿಸಿಕೊಂಡೇ ಗಾಡಿಗೆ ಖರ್ಚು ಮಾಡುವುದು ಒಳ್ಳೆಯದು.

ಊರು ಬಿಟ್ಟು ಬಂದು ಪರಊರಿನಲ್ಲಿ ಹೆಸರು ಗಳಿಸಿದ ನಮಗೆ ಎಲೆಯ ಮುಂದೆ ಕೂತ ಅತಿಥಿಯೇ ದೇವರು. ಆ ದೇವರ ನೈವೇದ್ಯ ಹೊತ್ತು ಬರುವ ಗಾಡಿಯನ್ನೂ ಅಡಿಗೆಮನೆಯಷ್ಟೇ ಶುಚಿಯಾಗಿ ಇಡೋಣ. ನಿಮ್ಮ ಟೆಂಪೋದ ಕೆಳಗೆ ಇವತ್ತು ರಾತ್ರಿಯೇ ಒಂದು ರಟ್ಟು ಹಾಸಿ ನೋಡಿ. ಖರ್ಚು ಏನೂ ಇಲ್ಲ, ಬೆಳಿಗ್ಗೆ ಉತ್ತರ ಸಿಗುತ್ತದೆ.